‘ಸೂಪರ್’ ಅಂದವರ ಮಾತನ್ನು ಎಷ್ಟು ನಂಬಬೇಕು?

ಹೊಸದಾಗಿ ಏನಾದರೂ ಶುರು ಮಾಡಿದವರಿಗೆ ಅಭಿಪ್ರಾಯಕ್ಕೆ ಬರವಿಲ್ಲ. ಚಿಂತಾಮಣಿಯಲ್ಲಿ ಮನೆಯಿಂದಲೇ ಚಟ್ನಿಪುಡಿ ಮಾರಲು ಹೊರಟ ಹೆಣ್ಣುಮಗಳು, ರಾಜ್ಯೋತ್ಸವಕ್ಕೆ ಮೊದಲ ಸಲ ಮೈಕ್ ಹಿಡಿದ ಕಾಲೇಜು ಹುಡುಗ, ಅಪ್ಪನ ನಂತರ ತಾನೇ ರೇಷ್ಮೆ ಹುಳ ಮೇಯಿಸಲು ಇಳಿದ ಶಿಡ್ಲಘಟ್ಟದ ಕಡೆಯ ರೈತ. ಕೇಳಿದರೂ ಕೇಳದಿದ್ದರೂ ಇವರಿಗೆಲ್ಲ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಒಬ್ಬರು ‘ಸೂಪರ್’ ಅನ್ನುತ್ತಾರೆ. ಇನ್ನೊಬ್ಬರು ‘ಪರವಾಗಿಲ್ಲ’ ಅಂತ ರಾಗ ಎಳೆಯುತ್ತಾರೆ. ಮತ್ತೊಬ್ಬರು ‘ಇದೆಲ್ಲ ನಿನಗ್ಯಾಕೆ ಬೇಕಿತ್ತು’ ಅಂತ ಮುಖಕ್ಕೇ ಹೇಳಿಬಿಡುತ್ತಾರೆ. ಇವರಲ್ಲಿ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳುತ್ತಿರುವವರು ಯಾರು? ಹಾಗೆ ಹೇಳುತ್ತಿದ್ದರೂ, ಅವರಿಗೆ ಆ ವಿಷಯ ಗೊತ್ತಾ?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ನಾವು ಎರಡನ್ನೂ ಕಲಸಿಬಿಡುತ್ತೇವೆ. ಸೋದರತ್ತೆ ಒಳ್ಳೆಯವರು, ಸುಳ್ಳು ಹೇಳುವವರಲ್ಲ. ಹಾಗಂತ ಚಟ್ನಿಪುಡಿಗೆ ಬೆಂಗಳೂರಿನ ಅಂಗಡಿಯಲ್ಲಿ ಎಷ್ಟು ರೇಟು ಇಡಬೇಕು ಅನ್ನೋದು ಅವರಿಗೆ ಗೊತ್ತಿರಬೇಕು ಅಂತೇನಿಲ್ಲ. ಅದು ಗೊತ್ತಿರುವ ಹೋಲ್‌ಸೇಲ್ ವ್ಯಾಪಾರಿ ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳುತ್ತಾರಾ ಅನ್ನೋದು ಇನ್ನೊಂದು ಮಾತು.

ಮೊದಲು ಮನೆಯವರ ವಿಷಯವೇ ನೋಡೋಣ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಅನ್ನೋ ಗಾದೆ ಗೊತ್ತಿದ್ದೂ ನಾವು ಮೊದಲು ಓಡುವುದು ಹತ್ತಿರದವರ ಬಳಿಗೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪೌಲೊ ತಮ್ಮ ಸಹೋದ್ಯೋಗಿ ಜೊತೆ ಸೇರಿ 1996ರಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದಷ್ಟು ಜನರಿಗೆ ಚಿತ್ರಗಳನ್ನು ತೋರಿಸಿ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಮೊದಲೇ ತಿಳಿದುಕೊಂಡರು. ಆಮೇಲೆ ಅವರನ್ನು ಚಿತ್ರಕಲೆ ಓದುವ ಒಬ್ಬರ ಮುಂದೆ ಕೂರಿಸಿದರು. ಕೆಲವು ಚಿತ್ರ ಬಂದಾಗ ಆಕೆ ‘ಇದು ನಾನೇ ಬರೆದದ್ದು’ ಎನ್ನುತ್ತಿದ್ದರು. ಒಂದು ಗುಂಪಿಗೆ ‘ಪ್ರಾಮಾಣಿಕವಾಗಿ ಮಾತಾಡಿ’ ಎಂದು ಮೊದಲೇ ಹೇಳಿದ್ದರು ಕೂಡ. ಆದರೂ ಚಿತ್ರ ಬರೆದವರೇ ಎದುರಿಗಿದ್ದಾಗ ಯಾವ ಗುಂಪಿನಿಂದಲೂ ಪೂರ್ತಿ ನಿಜ ಹೊರಬರಲಿಲ್ಲ. ಕೆಲವರು ನೇರ ಸುಳ್ಳು ಹೇಳಿದರು. ಇನ್ನು ಕೆಲವರು ಜಾರಿಕೊಂಡರು. ಚೆನ್ನಾಗಿದ್ದ ಸಣ್ಣಪುಟ್ಟ ಅಂಶಗಳನ್ನು ಗುಡ್ಡೆ ಹಾಕಿ, ಹಿಡಿಸದೇ ಇದ್ದದ್ದರ ಬಗ್ಗೆ ಬಾಯಿ ಬಿಡಲಿಲ್ಲ. ಎದುರಿಗಿರುವವರಿಗೆ ಆ ಕೆಲಸ ಮುಖ್ಯ ಅಂತ ಗೊತ್ತಾದಷ್ಟೂ ನಿಜ ಹೇಳುವುದು ಕಷ್ಟವಾಗುತ್ತದೆ.

ಅಂದರೆ ‘ನನ್ನ ಹತ್ತಿರ ಮುಚ್ಚುಮರೆ ಬೇಡಪ್ಪ, ಇದ್ದದ್ದು ಹೇಳು’ ಅಂತ ಬೇಡಿಕೊಂಡರೂ ಅಷ್ಟೇನೂ ಉಪಯೋಗ ಇಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯವೂ ಕಂಡುಬಂತು. ನಮಗೆ ಜಾಸ್ತಿ ಕೆಲಸಕ್ಕೆ ಬರುವುದು ಅದು. ಜನ ತಮಗೆ ಹಿಡಿಸದ ಚಿತ್ರವನ್ನು ಕೆಟ್ಟದ್ದು ಅಂತ ಹೇಳಲಿಲ್ಲ, ನಿಜ. ಆದರೆ ಚಿತ್ರ ಬರೆದವರ ಎರಡು ಚಿತ್ರಗಳಲ್ಲಿ ಯಾವುದು ತಮಗೆ ಜಾಸ್ತಿ ಇಷ್ಟ, ಯಾವುದು ಕಡಿಮೆ ಅನ್ನೋದನ್ನು ಸಾಕಷ್ಟು ಸ್ಪಷ್ಟವಾಗಿ ತಿಳಿಸಿಬಿಟ್ಟರು. ಒಂದನ್ನೇ ಮುಂದಿಟ್ಟು ‘ಹೇಗಿದೆ’ ಅಂದರೆ ಮರ್ಯಾದೆ ಅಡ್ಡ ಬರುತ್ತದೆ. ಎರಡನ್ನು ಇಟ್ಟು ‘ಯಾವುದು’ ಅಂದರೆ ಬಾಯಿ ಸಡಿಲವಾಗುತ್ತದೆ. ಹಾಗಾಗಿ ಚಟ್ನಿಪುಡಿಯವರು ಎರಡು ಡಬ್ಬಿ ಕಳಿಸಲಿ. ಒಂದರಲ್ಲಿ ಹುಣಸೆಹಣ್ಣು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ‘ಯಾವುದು ಮೊದಲು ಖಾಲಿ ಆಯ್ತು ಅಕ್ಕ?’ ಅಂತ ಕೇಳಲಿ. ಇದಕ್ಕೆ ಸುಳ್ಳು ಹೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಸರಿ, ಮುಖ ನೋಡಿದರೆ ಗೊತ್ತಾಗುವುದಿಲ್ಲವಾ? ಕಣ್ಣು ತಪ್ಪಿಸುತ್ತಾರೆ, ದನಿ ನಡುಗುತ್ತದೆ, ನಗು ಹುಸಿ ಅನ್ನಿಸುತ್ತದೆ. ನಮ್ಮಲ್ಲಿ ತುಂಬಾ ಜನರಿಗೆ ಈ ವಿದ್ಯೆಯ ಮೇಲೆ ಭಾರೀ ಭರವಸೆ. ಇದೇ ಡಿಪೌಲೊ ಮತ್ತು ಚಾರ್ಲ್ಸ್ ಬಾಂಡ್ 2006ರಲ್ಲಿ ಈ ಬಗೆಯ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದರು. ಅದರಲ್ಲಿ 24 ಸಾವಿರಕ್ಕೂ ಹೆಚ್ಚು ಜನರ ತೀರ್ಪುಗಳಿದ್ದವು. ಸುಳ್ಳು ಯಾವುದು, ನಿಜ ಯಾವುದು ಅಂತ ಬರೀ ನೋಡಿ, ಕೇಳಿ ಹೇಳುವಾಗ ಜನ ಸರಿಯಾಗಿದ್ದದ್ದು ಸರಾಸರಿ ನೂರಕ್ಕೆ 54 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಬರುತ್ತದೆ. ಆ ನಾಲ್ಕು ಅಂಕಕ್ಕೋಸ್ಕರ ಎದುರಿಗಿರುವವರ ಹುಬ್ಬು ನೋಡುತ್ತಾ ಕೂರುವುದು ದಂಡ.

ಮುಖ ಬಿಟ್ಟು ಅವರು ನಿಂತಿರುವ ಜಾಗ ನೋಡಿ ಅನ್ನುವುದು ನನ್ನ ಸಲಹೆ. ಈ ವ್ಯಕ್ತಿ ಕಣ್ಣಾರೆ ನೋಡಿದ್ದು ಎಷ್ಟು? ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಅನುಭವ ಇದೆಯಾ? ನಿಜ ಹೇಳಿದರೆ ಇವರಿಗೇನು ನಷ್ಟ, ಸುಳ್ಳು ಹೇಳಿದರೆ ಏನು ಲಾಭ? ಮುಖಭಾವವನ್ನು ಯಾರು ಬೇಕಾದರೂ ಬದಲಾಯಿಸಿಕೊಳ್ಳಬಹುದು. ನಿಂತ ಜಾಗ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಬೇರೆಯವರಿಗೂ ಕಾಣುತ್ತದೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಇದು ರೇಷ್ಮೆ ಗೂಡಿನ ವ್ಯವಹಾರದಲ್ಲಿ ಬೇಗ ಅರ್ಥವಾಗುತ್ತದೆ. ಶಿಡ್ಲಘಟ್ಟದ ಸುತ್ತಿನ ಒಂದು ಹುಳದ ಮನೆ ಅಂದುಕೊಳ್ಳಿ. ಹುಳ ನಾಲ್ಕನೇ ಜ್ವರ ಎದ್ದು (ಅಂದರೆ ನಾಲ್ಕನೇ ಸಲ ಪೊರೆ ಕಳಚಿ), ಚೆನ್ನಾಗಿ ಸೊಪ್ಪು ತಿಂದು, ಇನ್ನೇನು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡಬೇಕು ಅನ್ನುವಾಗ ಊದಿಕೊಂಡು ಸಾಯಲು ಶುರುವಾಯಿತು. ಸಂಜೆ ಹೊತ್ತಿಗೆ ಮನೆ ಮುಂದೆ ಜನ. ಚಾಕಿ ಹುಳ, ಅಂದರೆ ಮರಿ ಹುಳ, ಸಾಕಿ ಕೊಟ್ಟವರು ಫೋನಿನಲ್ಲೇ ‘ನಾವು ಕೊಟ್ಟಾಗ ಹುಳ ಚಿನ್ನದ ಹಾಗಿತ್ತಲ್ಲ ಅಣ್ಣ, ನೀವು ಮನೆ ಸರಿಯಾಗಿ ತೊಳೆದಿಲ್ಲ’ ಎನ್ನುತ್ತಾರೆ. ಔಷಧಿ ಅಂಗಡಿಯವರು ‘ಪೌಡರ್ ಸಾಲಲಿಲ್ಲ’ ಎನ್ನುತ್ತಾರೆ. ಪಕ್ಕದ ತೋಟದವರು ‘ಮಳೆ ಬಂದ ಮಾರನೇ ದಿನ ನೀವು ಒದ್ದೆ ಸೊಪ್ಪನ್ನೇ ಹಾಕಿದ್ರಿ, ನಾನು ಹೋಗ್ತಾ ನೋಡಿದೆ’ ಎನ್ನುತ್ತಾರೆ. ಭಾವಮೈದ ‘ನಿಮ್ಮ ಕೈಗೆ ಹುಳ ಒಗ್ಗಲ್ಲ ಭಾವ, ಸುಮ್ನೆ ಟೊಮೆಟೊ ಹಾಕಿ’ ಎಂದು ತೀರ್ಪು ಕೊಡುತ್ತಾರೆ. ಮಾರನೇ ದಿನ ರೇಷ್ಮೆ ಇಲಾಖೆಯವರು ಬಂದು ಹತ್ತು ನಿಮಿಷ ನೋಡಿ ‘ಹಾಲುತೊಂಡೆ’ ಅಂತ ಹೇಳಿ ಹೋಗುತ್ತಾರೆ.

ಈ ಐವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ನಿಂತ ಜಾಗ ಬೇರೆ ಬೇರೆ. ಚಾಕಿಯವರಿಗೆ ಹುಳದ ವಿಷಯ ಎಲ್ಲರಿಗಿಂತ ಜಾಸ್ತಿ ಗೊತ್ತು. ಆದರೆ ತಪ್ಪು ತಮ್ಮ ಕಡೆ ಅಂತ ಒಪ್ಪಿಕೊಂಡರೆ ಮುಂದಿನ ಬೆಳೆಗೆ ಅರ್ಧ ಊರು ಬೇರೆ ಕಡೆ ಹೋಗುತ್ತದೆ. ಹಾಗಂತ ಅವರ ಮಾತು ಸುಳ್ಳೇ ಆಗಬೇಕಾ? ಇಲ್ಲಿ ತುಂಬಾ ಜನ ಎಡವುತ್ತಾರೆ. ಹಾಲುತೊಂಡೆ ವೈರಸ್‌ನಿಂದ ಬರುವ ರೋಗ. ಹಿಂದಿನ ಬೆಳೆಯ ಸೋಂಕು ಮನೆಯಲ್ಲಿ, ತಟ್ಟೆಯಲ್ಲಿ, ಚಂದ್ರಿಕೆಯಲ್ಲಿ ಉಳಿದುಕೊಂಡರೆ ಮುಂದಿನ ಬೆಳೆಗೂ ತಗಲುತ್ತದೆ. ಆದ್ದರಿಂದ ‘ಮನೆ ತೊಳೆದಿಲ್ಲ’ ಅನ್ನೋದು ಅವರಿಗೆ ಅನುಕೂಲವಾದ ಮಾತೂ ಹೌದು, ನಿಜವೂ ಇರಬಹುದು. ಲಾಭ ಇರುವವರ ಮಾತನ್ನು ಎಸೆಯಬಾರದು, ಬೇರೆ ಕಡೆಯಿಂದ ಪರೀಕ್ಷಿಸಬೇಕು.

ಪರೀಕ್ಷೆಗೆ ದಾರಿ ಇದ್ದರೆ ನಂಬಿಕೆಯ ಪ್ರಶ್ನೆಯೇ ಬರುವುದಿಲ್ಲ. ರೇಷ್ಮೆ ಹುಳಕ್ಕೆ ಬರುವ ಗಂಟು ರೋಗವನ್ನೇ (ಪೆಬ್ರಿನ್) ನೋಡಿ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳಕ್ಕೆ ದಾಟುತ್ತದೆ. ಫ್ರಾನ್ಸಿನಲ್ಲಿ 1860ರ ದಶಕದಲ್ಲಿ ಈ ರೋಗ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸುತ್ತಿದ್ದಾಗ, ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಅದರ ಮೊಟ್ಟೆಗಳನ್ನು ನಾಶ ಮಾಡುವ ಕ್ರಮವನ್ನು ಲೂಯಿ ಪಾಶ್ಚರ್ ತಂದರು. ಇವತ್ತಿಗೂ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ‘ಮೊಟ್ಟೆಯಲ್ಲೇ ದೋಷ’ ಅಂತ ರೈತ, ‘ಇಲ್ಲ’ ಅಂತ ಮೊಟ್ಟೆ ತಯಾರಿಸಿದವರು ವಾದ ಮಾಡುತ್ತಾ ಕೂರಬೇಕಿಲ್ಲ.

ಪಕ್ಕದ ತೋಟದವರ ಮಾತನ್ನು ನಾನು ಈ ಐವರಲ್ಲಿ ಮೇಲಿನ ಸ್ಥಾನದಲ್ಲಿ ಇಡುತ್ತೇನೆ. ಅವರೇನೂ ತಜ್ಞರಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇರಬಹುದು. ಆದರೆ ಅವರು ಹೇಳಿದ್ದರಲ್ಲಿ ದಿನ ಇದೆ, ವಸ್ತು ಇದೆ, ಕಣ್ಣಾರೆ ನೋಡಿದ್ದು ಇದೆ. ನೀವೇ ನೆನಪು ಮಾಡಿಕೊಂಡು ಹೌದೋ ಅಲ್ಲವೋ ಹೇಳಬಹುದು. ಭಾವಮೈದನ ಮಾತಿನಲ್ಲಿ ಇದ್ಯಾವುದೂ ಇಲ್ಲ. ಕೈಗೆ ಒಗ್ಗಲ್ಲ ಅಂದರೆ ನಾಳೆ ಬೆಳಿಗ್ಗೆ ಎದ್ದು ಏನು ಬದಲಾಯಿಸಬೇಕು? ಅವರಿಗೆ ನಿಮ್ಮ ಮೇಲೆ ಪ್ರೀತಿ ಇರಬಹುದು, ಮಾತಿನಲ್ಲಿ ಮಾಹಿತಿ ಇಲ್ಲ. ಇಲಾಖೆಯವರಿಗೆ ವಿದ್ಯೆ ಇದೆ, ಮಾರುವಂಥದ್ದು ಏನೂ ಇಲ್ಲ. ರೋಗದ ಹೆಸರಿನ ಮಟ್ಟಿಗೆ ಅವರ ಮಾತೇ ಕೊನೆ. ಆದರೆ ಅವರು ನೋಡಿದ್ದು ಕೊನೆಯ ದಿನವನ್ನು ಮಾತ್ರ. ಅದು ಎಲ್ಲಿಂದ ಶುರುವಾಯಿತು ಅನ್ನೋದಕ್ಕೆ ಮತ್ತೆ ಪಕ್ಕದ ತೋಟದವರ ಹತ್ತಿರವೇ ಬರಬೇಕು.

ಇನ್ನು ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಯುವವರು. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆ ಅವರು ನಿಮ್ಮ ಲಾಟಿನಿಂದ (ಹರಾಜಿಗಿಟ್ಟ ರಾಶಿಯಿಂದ) ನಾಲ್ಕು ಗೂಡು ಎತ್ತಿ, ಒತ್ತಿ ನೋಡಿ, ಕಿವಿ ಹತ್ತಿರ ಅಲ್ಲಾಡಿಸಿ ‘ತೆಳು ಇದೆ, ಊಜಿ ನೊಣ ಹೊಡೆದಿದೆ’ ಎಂದು ಮುಖ ಕಿವುಚಿದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರು ಆಗ ಕೊಳ್ಳುವ ಜಾಗದಲ್ಲಿದ್ದಾರೆ. ಕಿಲೋಗೆ ಹತ್ತು ರೂಪಾಯಿ ಇಳಿದರೂ ಅವರಿಗೆ ಲಾಭ. ಅದೇ ರೀಲರ್ ಗೂಡು ಒಯ್ದು, ಬೇಯಿಸಿ, ನೂಲು ತೆಗೆದ ಮೇಲೆ? ಎಳೆ ಎಷ್ಟು ಸಲ ಕಡಿಯಿತು, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತು ಅನ್ನೋದು ಆಗ ಅವರಿಗೆ ಲೆಕ್ಕ ಸಮೇತ ಗೊತ್ತಿರುತ್ತದೆ. ದುಡ್ಡು ಕೊಟ್ಟಾಗಿದೆ, ಬೆಲೆ ಇಳಿಸುವ ಆಸೆ ಇಲ್ಲ. ಉಲ್ಟಾ, ನಿಮ್ಮ ಗೂಡು ಮುಂದಿನ ಸಲ ಚೆನ್ನಾಗಿ ಬಂದರೆ ಅವರಿಗೇ ಒಳ್ಳೆಯದು. ಮನುಷ್ಯ ಒಬ್ಬನೇ, ಮೂರು ದಿನದ ಅಂತರದಲ್ಲಿ ಅವನ ಮಾತಿನ ತೂಕ ಬೇರೆ. ಆದರೆ ಮಾರಿದ ಮೇಲೆ ರೀಲರ್ ಹತ್ತಿರ ಹೋಗಿ ‘ಹೇಗೆ ಬಂತು ನೂಲು’ ಅಂತ ಕೇಳುವವರು ಕಡಿಮೆ. ಚೀಟಿ, ದುಡ್ಡು, ಬಸ್ಸು. ಅಲ್ಲಿಗೆ ಮುಗಿಯಿತು.

ಆದ್ದರಿಂದ ‘ಯಾರನ್ನು ನಂಬಬೇಕು’ ಅನ್ನೋ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಯಾರನ್ನು, ಯಾವ ವಿಷಯದಲ್ಲಿ, ಯಾವ ಹೊತ್ತಿನಲ್ಲಿ? ಊರಲ್ಲಿ ‘ಅವರು ಹೇಳಿದರೆ ಮುಗೀತು’ ಅನ್ನಿಸಿಕೊಂಡ ಹಿರಿಯರು ಒಬ್ಬರು ಇದ್ದೇ ಇರುತ್ತಾರೆ. ಬೋರ್‌ವೆಲ್ ಪಾಯಿಂಟಿನಿಂದ ಹಿಡಿದು ಮಗಳ ಇಂಜಿನಿಯರಿಂಗ್ ಬ್ರಾಂಚಿನವರೆಗೆ ಅವರನ್ನೇ ಕೇಳುತ್ತೇವೆ. ಒಂದು ವಿಷಯದಲ್ಲಿ ಸಂಪಾದಿಸಿದ ನಂಬಿಕೆಯನ್ನು ಇನ್ನೊಂದು ವಿಷಯಕ್ಕೆ ಸಾಲ ಕೊಟ್ಟ ಹಾಗೆ ಇದು.

ಗೂಡಿನ ಬಗ್ಗೆ ಆಯಿತು. ನಮ್ಮ ಸ್ವಭಾವದ ಬಗ್ಗೆಯೇ ಯಾರಾದರೂ ಹೇಳಿದರೆ? ‘ನಿನಗೆ ಸಿಟ್ಟು ಜಾಸ್ತಿ’, ‘ನೀನು ಬೇರೆಯವರ ಮಾತು ಕೇಳಿಸಿಕೊಳ್ಳಲ್ಲ’, ‘ನೀನು ಒಳಗೊಳಗೇ ಹೆದರ್ತೀಯ’. ಸಿಮಿನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ಇದನ್ನು ಪರೀಕ್ಷಿಸಿದರು. ಜನರ ಬಗ್ಗೆ ಅವರೇ ಹೇಳಿಕೊಂಡದ್ದು, ಸ್ನೇಹಿತರು ಹೇಳಿದ್ದು, ಅಪರಿಚಿತರು ಹೇಳಿದ್ದು, ಮೂರನ್ನೂ ಅವರ ನಿಜವಾದ ನಡವಳಿಕೆ ಜೊತೆ ಹೋಲಿಸಿದರು. ಒಳಗಿನ ಆತಂಕ, ಅಳುಕಿನ ವಿಷಯದಲ್ಲಿ ಅವರವರ ಮಾತೇ ಹೆಚ್ಚು ಸರಿ ಬಂತು. ಬುದ್ಧಿವಂತಿಕೆ, ಸೃಜನಶೀಲತೆಯಂಥ ವಿಷಯದಲ್ಲಿ ಸ್ನೇಹಿತರು ಹೇಳಿದ್ದು ಹೆಚ್ಚು ಸರಿ ಬಂತು. ಎಷ್ಟು ಮಾತುಗಾರ, ಎಷ್ಟು ಬೆರೆಯುತ್ತಾನೆ ಅನ್ನೋದು ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಒಳಗಿರುವುದು, ಹೊರಗೆ ಕಾಣದ್ದು ನಮಗೇ ಚೆನ್ನಾಗಿ ಗೊತ್ತು. ಹೊಗಳಿಕೆ ತೆಗಳಿಕೆ ಅಂಟಿಕೊಂಡಿರುವ ಗುಣವಾದರೆ ನಮ್ಮ ಕಣ್ಣಿಗೆ ಪೊರೆ ಬರುತ್ತದೆ. ಅಲ್ಲಿ ಬೇರೆಯವರ ಕಣ್ಣು ಬೇಕು. ‘ನಾನು ಬುದ್ಧಿವಂತನಾ’ ಅನ್ನೋದನ್ನು ಜೊತೆಗೆ ಕೆಲಸ ಮಾಡಿದವರನ್ನು ಕೇಳಬೇಕು. ‘ನೀನು ಹೆದರಿದ್ದೀಯ’ ಅಂತ ಅವರು ಹಟ ಹಿಡಿದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಆ ‘ಮುಖಕ್ಕೇ ಹೇಳುವವರ’ ವಿಷಯ. ನಮ್ಮ ಕಡೆ ಇದನ್ನು ಒಂದು ಬಿರುದಿನ ಹಾಗೆ ಹೇಳಿಕೊಳ್ಳುವವರಿದ್ದಾರೆ: ‘ನಾನು ಯಾರ ಮುಲಾಜಿಗೂ ಬೀಳೋನಲ್ಲ, ನೇರಾನೇರ.’ ಒರಟು ಮಾತಿಗೆ ಪ್ರಾಮಾಣಿಕತೆಯ ಹೆಸರು ಸುಲಭವಾಗಿ ಸಿಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1983ರಲ್ಲಿ ಪುಸ್ತಕ ವಿಮರ್ಶೆಗಳನ್ನು ಜನರಿಗೆ ಓದಲು ಕೊಟ್ಟು ನೋಡಿದರು. ಹೊಗಳಿ ಬರೆದ ವಿಮರ್ಶಕರಿಗಿಂತ ತೆಗಳಿ ಬರೆದವರೇ ಬುದ್ಧಿವಂತರು, ವಿಷಯ ಬಲ್ಲವರು ಅಂತ ಓದುಗರಿಗೆ ಅನ್ನಿಸಿತು. ಒಳ್ಳೆಯ ಮನಸ್ಸಿನವರು ಅಂತ ಮಾತ್ರ ಅನ್ನಿಸಲಿಲ್ಲ. ಟೀಕೆ ಮಾಡಿದರೆ ಜಾಣರ ಹಾಗೆ ಕಾಣುತ್ತೇವೆ ಅನ್ನೋದು ಟೀಕೆ ಮಾಡುವವರಿಗೂ ಒಳಗೊಳಗೆ ಗೊತ್ತಿರುತ್ತದೆ. ಅದೂ ಒಂದು ಲಾಭವೇ.

ಇಂಥವರ ಬಗ್ಗೆ ನಾನು ಮುಖ್ಯವಾಗಿ ನೋಡುವುದು ಒಂದನ್ನು. ಅವರು ಹೊಗಳುವಾಗಲೂ ಇಷ್ಟೇ ನೇರವಾ? ‘ನಿನ್ನ ಭಾಷಣದಲ್ಲಿ ನಡುವೆ ಆ ಕೆರೆ ವಿಷಯ ಹೇಳಿದೆಯಲ್ಲ, ಅಲ್ಲಿ ಜನ ಸುಮ್ಮನಾಗಿ ಕೇಳಿದರು’ ಎಂದು ಒಂದು ಸಲವಾದರೂ ಹೇಳಿದ್ದಾರಾ? ತಪ್ಪು ಮಾತ್ರ ಕಾಣುವವರು ನೇರ ಮನುಷ್ಯರಲ್ಲ, ಒಂದೇ ಕಡೆ ವಾಲಿದವರು. ಇನ್ನೊಂದು, ಅದನ್ನು ಎಲ್ಲಿ ಹೇಳಿದರು? ನಿಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ ಅದು ನಿಮಗೆ ಹೇಳಿದ ಮಾತು. ಹತ್ತು ಜನರ ಮುಂದೆ ಹೇಳಿದ್ದರೆ ಅದರಲ್ಲಿ ಅರ್ಧ ಆ ಹತ್ತು ಜನರಿಗೆ ಹೇಳಿದ್ದು.

ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಮೇಲೆ ಹೊರಳಿದರೆ ಅದರ ಉಪಯೋಗವೂ ಇಳಿಯುತ್ತದೆ. ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ನೂರಾರು ಫಲಿತಾಂಶಗಳನ್ನು ಕೂಡಿಸಿ ನೋಡಿದರು. ಅಭಿಪ್ರಾಯ ಕೇಳಿದ ಮೇಲೆ ಜನರ ಕೆಲಸ ಸರಾಸರಿಯಲ್ಲಿ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಮೊದಲಿಗಿಂತ ಕೆಟ್ಟಿತ್ತು! ಎಲ್ಲ ಅಭಿಪ್ರಾಯವನ್ನೂ ತೆರೆದ ಮನಸ್ಸಿನಿಂದ ಸ್ವೀಕರಿಸಿ ಅನ್ನೋ ಉಪದೇಶ ನನಗೆ ಅಷ್ಟಾಗಿ ಹಿಡಿಸದಿರುವುದು ಇದಕ್ಕೇ. ಕೆಲವನ್ನು ಕೇಳದೇ ಇರುವುದೇ ಕ್ಷೇಮ.

‘ಹತ್ತು ಜನ ಅದನ್ನೇ ಹೇಳ್ತಿದ್ದಾರಲ್ಲ’ ಅನ್ನೋ ವಾದ ಕೂಡ ಕೇಳಿರುತ್ತೀರಿ. 1907ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಒಂದು ಜಾನುವಾರು ಪ್ರದರ್ಶನದ ಲೆಕ್ಕ ಪ್ರಕಟಿಸಿದರು. ಒಂದು ಎತ್ತನ್ನು ಕಡಿದು ಶುಚಿ ಮಾಡಿದ ಮೇಲೆ ಅದರ ತೂಕ ಎಷ್ಟಿರಬಹುದು ಅಂತ 787 ಜನ ಚೀಟಿಯಲ್ಲಿ ಬರೆದಿದ್ದರು. ಆ ಅಂದಾಜುಗಳ ನಟ್ಟನಡುವಿನದು 1207 ಪೌಂಡ್. ನಿಜವಾದ ತೂಕ 1198. ಗುಂಪಿನ ಮಾತು ಇಷ್ಟು ಹತ್ತಿರ ಬರಲು ಒಂದು ಕಾರಣ, ಒಬ್ಬೊಬ್ಬರೂ ತಮ್ಮ ತಮ್ಮ ಚೀಟಿ ಬೇರೆ ಬೇರೆ ಬರೆದದ್ದು. ಅದೇ ಜನರನ್ನು ಅರಳಿಕಟ್ಟೆ ಮೇಲೆ ಒಟ್ಟಿಗೆ ಕೂರಿಸಿ ಕೇಳಿದ್ದರೆ, ಮೊದಲು ಬಾಯಿಬಿಟ್ಟ ದೊಡ್ಡ ಮನುಷ್ಯರ ಅಂದಾಜಿನ ಸುತ್ತಲೇ ಎಲ್ಲರೂ ಸುತ್ತುತ್ತಿದ್ದರು. 1951ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ತೋರಿಸಿದ್ದೂ ಇದನ್ನೇ. ಗೆರೆಗಳ ಉದ್ದ ಹೋಲಿಸುವಂಥ ಸುಲಭದ ಕೆಲಸದಲ್ಲೂ, ಸುತ್ತ ಕೂತವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಉತ್ತರ ಆ ತಪ್ಪಿನ ಕಡೆಗೇ ಹೋಯಿತು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಮೊದಲು ‘ಬಹಳ ಚೆನ್ನಾಗಿದೆ ಮಗಳೇ’ ಅಂತ ಹಾಕಿದ ಮೇಲೆ ಬರುವ ಇಪ್ಪತ್ತು ಹೆಬ್ಬೆಟ್ಟುಗಳನ್ನು ಒಂದು ಅಂತಲೇ ಎಣಿಸಿ. ದೂರೂ ಅಷ್ಟೇ. ಹತ್ತು ಜನ ಹೇಳುತ್ತಿದ್ದಾರೆ ಅಂದಾಗ, ಆ ಹತ್ತೂ ಜನ ಒಬ್ಬರಿಂದಲೇ ಕೇಳಿದ್ದಾ ಅಂತ ಮೊದಲು ವಿಚಾರಿಸಬೇಕು.

ವಿಚಾರಿಸುವ ಮಾತು ಬಂತಲ್ಲ. ಗಂಡು–ಹೆಣ್ಣಿನ ಬಗ್ಗೆ ಊರಿಗೆ ಹೋಗಿ ವಿಚಾರಿಸುವ ಪದ್ಧತಿ ಗೌರಿಬಿದನೂರು, ಬಾಗೇಪಲ್ಲಿ ಕಡೆ ಇನ್ನೂ ಇದೆ. ಸುಳ್ಳು ಹೇಳುವುದು ಪುಣ್ಯ ಅಂತ ಸಮಾಜವೇ ಒಪ್ಪಿಕೊಂಡ ಜಾಗ ಇದು. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಅನ್ನೋ ಗಾದೆಯನ್ನೇ ಮಾಡಿಟ್ಟಿದ್ದೇವೆ. ‘ಹುಡುಗ ಹೇಗೆ?’ ಅಂತ ಟೀ ಅಂಗಡಿಯಲ್ಲಿ ಕೇಳಿದರೆ ‘ಚಿನ್ನದಂಥ ಹುಡುಗ ಸ್ವಾಮಿ’ ಅನ್ನೋದನ್ನು ಬಿಟ್ಟು ಬೇರೆ ಏನು ಬಂದೀತು? ಮದುವೆ ಮುರಿದವರು ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಪಳಗಿದ ಹಿರಿಯರು ಹಾಗೆ ಕೇಳುವುದೂ ಇಲ್ಲ. ಅಂಗಡಿ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾನೆ? ಸಾಲ ತಗೊಂಡರೆ ಹೇಳಿದ ದಿನಕ್ಕೆ ಕೊಡ್ತಾನಾ? ಜಗಳ ಆದಾಗ ಯಾರ ಹತ್ತಿರ ಹೋಗಿ ಕೂರ್ತಾನೆ? ಒಳ್ಳೆಯವನಾ ಕೆಟ್ಟವನಾ ಅನ್ನೋ ತೀರ್ಪು ಕೊಡಿ ಅಂತ ಇಲ್ಲಿ ಯಾರನ್ನೂ ಪೀಡಿಸುತ್ತಿಲ್ಲ. ನಡೆದದ್ದು ಹೇಳಿ ಅಂತ ಮಾತ್ರ. ತೀರ್ಪು ಕೊಡಲು ಹಿಂಜರಿಯುವವರು ಸಂಗತಿ ಹೇಳಲು ಅಷ್ಟು ಹಿಂಜರಿಯುವುದಿಲ್ಲ. ಕೊನೆಗೆ, ಎದ್ದು ಹೊರಡುವಾಗ, ‘ನಿಮ್ಮ ಮಗಳಾಗಿದ್ದರೆ ಕೊಡ್ತಿದ್ರಾ?’ ಅಂತ ಒಂದು ಪ್ರಶ್ನೆ. ‘ಕೊಡ್ತಿದ್ದೆ’ ಅಂತ ತಕ್ಷಣ ಬಂದರೆ ಒಂದು. ‘ನಮ್ಮ ಹುಡುಗಿ ಇನ್ನೂ ಓದ್ತಿದ್ದಾಳೆ’ ಅಂತ ಬಂದರೆ ಇನ್ನೊಂದು.

ಇದನ್ನೇ ನಮ್ಮ ಬಗ್ಗೆ ಕೇಳುವಾಗಲೂ ಬಳಸಬಹುದು. ‘ಭಾಷಣ ಹೇಗಿತ್ತು ಸಾರ್?’ ಅಂದರೆ ‘ಚೆನ್ನಾಗಿತ್ತು’ ಅನ್ನೋದು ಲೆಕ್ಕಕ್ಕಿಲ್ಲದ ಉತ್ತರ. ‘ಯಾವ ಹೊತ್ತಿಗೆ ಫೋನ್ ತೆಗೆದಿರಿ?’ ಅಂತ ನಗುತ್ತಾ ಕೇಳಿ ನೋಡಿ. ‘ನಾಲ್ಕು ನಿಮಿಷ ಕಡಿಮೆ ಮಾಡಬೇಕು ಅಂದರೆ ಎಲ್ಲಿ ಕತ್ತರಿಸಲಿ?’ ಅನ್ನಿ. ತಪ್ಪು ಇದ್ದೇ ಇದೆ ಅಂತ ನೀವೇ ಮೊದಲು ಒಪ್ಪಿಕೊಂಡು ಕೇಳಿದ ಹಾಗಾಯಿತು. ಅದನ್ನು ತೋರಿಸುವುದು ಆಮೇಲೆ ಅಗೌರವ ಅನ್ನಿಸುವುದಿಲ್ಲ.

ನಮ್ಮಲ್ಲಿ ಕಿರಿಯರು ಹಿರಿಯರಿಗೆ, ಕೈಕೆಳಗಿನವರು ಮೇಲಿನವರಿಗೆ ನಿಜ ಹೇಳುವುದು ಇನ್ನೂ ಕಷ್ಟ. ಆಫೀಸಿನಲ್ಲಿ ಸಾಹೇಬರ ಹೊಸ ಯೋಜನೆಗೆ ಎಲ್ಲರೂ ತಲೆಯಾಡಿಸುತ್ತಾರೆ, ಕ್ಯಾಂಟೀನಿನಲ್ಲಿ ಇನ್ನೊಂದು ಮಾತು ನಡೆಯುತ್ತದೆ. ಮೇಲಿನ ಜಾಗದಲ್ಲಿ ನೀವಿದ್ದರೆ ಮುಖತಃ ಸಿಗುವ ಹೊಗಳಿಕೆಯನ್ನು ಸೊನ್ನೆ ಅಂತ ಹಿಡಿದು, ಹೆಸರಿಲ್ಲದ ಚೀಟಿಯಲ್ಲೋ ಮೂರನೆಯವರ ಮೂಲಕವೋ ಕೇಳುವುದೊಂದೇ ದಾರಿ.

ಯಾರಾದರೂ ಒಂದು ಸಲ ಧೈರ್ಯ ಮಾಡಿ ಹೇಳಿಯೇಬಿಟ್ಟರು ಅನ್ನಿ. ಆ ಕ್ಷಣದಲ್ಲಿ ನೀವು ಹೇಗೆ ನಡೆದುಕೊಂಡಿರಿ ಅನ್ನೋದು ಮುಂದಿನ ಹತ್ತು ವರ್ಷಕ್ಕೆ ಆಗುತ್ತದೆ. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಅಂತ ಗಾದೆ. ಒದೆಯಬೇಕಾಗಿಯೂ ಇಲ್ಲ. ಮುಖ ಊದಿಸಿಕೊಂಡರೆ, ‘ನಿನಗೇನು ಗೊತ್ತು’ ಅಂದರೆ, ಅಥವಾ ಕೂತು ಅರ್ಧ ಗಂಟೆ ಸಮಜಾಯಿಷಿ ಕೊಟ್ಟರೆ ಸಾಕು. ಮುಂದಿನ ಸಲ ಅವರೂ ‘ಸೂಪರ್’ ಅನ್ನುವವರ ಸಾಲಿಗೆ ಸೇರುತ್ತಾರೆ. ನಮ್ಮ ಸುತ್ತ ಬರೀ ಹೊಗಳುವವರೇ ಇದ್ದಾರೆ ಅಂದರೆ ಅದರಲ್ಲಿ ನಮ್ಮ ಪಾಲೂ ಇರಬಹುದು.

ಒಂದು ಪುಸ್ತಕ ಇಟ್ಟುಕೊಳ್ಳಿ ಅಂದರೆ ನಗಬೇಡಿ. ಯಾರು, ಯಾವ ದಿನ, ಏನು ಹೇಳಿದರು ಅಂತ ಒಂದೊಂದು ಸಾಲು. ಯೇಲ್ ವಿಶ್ವವಿದ್ಯಾಲಯದ ಹೋವ್ಲಂಡ್ ಮತ್ತು ವೈಸ್ 1951ರಲ್ಲಿ ಒಂದೇ ಬರಹವನ್ನು ಕೆಲವರಿಗೆ ನಂಬಿಕಸ್ಥ ಮೂಲದಿಂದ ಬಂದದ್ದು ಅಂತಲೂ, ಇನ್ನು ಕೆಲವರಿಗೆ ನಂಬಿಕೆ ಇಲ್ಲದ ಮೂಲದ್ದು ಅಂತಲೂ ಕೊಟ್ಟರು. ಓದಿದ ತಕ್ಷಣ ಮೊದಲನೆಯವರೇ ಜಾಸ್ತಿ ಒಪ್ಪಿದರು. ನಾಲ್ಕು ವಾರ ಕಳೆದ ಮೇಲೆ ಆ ವ್ಯತ್ಯಾಸ ಹೊರಟುಹೋಗಿತ್ತು. ಮಾತು ತಲೆಯಲ್ಲಿ ಉಳಿದಿತ್ತು, ಯಾರು ಹೇಳಿದ್ದು ಅನ್ನೋದು ಅದರಿಂದ ಕಳಚಿಕೊಂಡಿತ್ತು. ‘ನಿನಗೆ ವ್ಯಾಪಾರ ಆಗಿಬರಲ್ಲ’ ಅಂತ ಎಂದೋ ಯಾರೋ ಸಿಟ್ಟಿನಲ್ಲಿ ಹೇಳಿದ್ದು, ಎರಡು ವರ್ಷದ ನಂತರ ನಮ್ಮದೇ ತೀರ್ಮಾನದ ಹಾಗೆ ತಲೆಯೊಳಗೆ ಕೂತಿರಬಹುದು. ಬರೆದಿಟ್ಟರೆ ಹೆಸರು ಕಳಚುವುದಿಲ್ಲ. ಇನ್ನೊಂದು ಲಾಭ, ಆರು ತಿಂಗಳಿಗೊಮ್ಮೆ ತಿರುವಿದರೆ ಯಾರ ಮಾತು ನಿಜವಾಯಿತು ಅನ್ನೋದು ಕಾಣುತ್ತದೆ. ‘ಈ ರೇಟಿಗೆ ಹೋಗಲ್ಲ’ ಅಂದವರು ಯಾರು, ಹೋಯಿತಾ? ಸದಾ ಗೊಣಗುವ ಅಂಗಡಿಯವರ ಮಾತು ನಾಲ್ಕಕ್ಕೆ ಮೂರು ಸಲ ಸರಿ ಬಂದಿರಬಹುದು. ಪ್ರೀತಿಯ ಗೆಳೆಯನ ಮಾತು ಒಂದೂ ಬಂದಿರಲಿಕ್ಕಿಲ್ಲ. ಗೆಳೆತನ ಬಿಡಬೇಕಿಲ್ಲ, ಬಿಸಿನೆಸ್ ಬಗ್ಗೆ ಅವನನ್ನು ಕೇಳುವುದು ಬಿಟ್ಟರೆ ಸಾಕು.

ಇಷ್ಟೆಲ್ಲ ತೂಗಿದ ಮೇಲೂ ಒಂದು ಇಕ್ಕಟ್ಟು ಉಳಿಯುತ್ತದೆ. ವಿಷಯ ಬಲ್ಲವರು, ಲಾಭದಾಸೆ ಇಲ್ಲದವರು, ಹಿಂದೆ ಸರಿ ಹೇಳಿದವರು ಇಬ್ಬರು ಒಬ್ಬರಿಗೊಬ್ಬರು ವಿರುದ್ಧ ಹೇಳುತ್ತಾರೆ. ಹುಳ ಚಂದ್ರಿಕೆಗೆ ಬಿಟ್ಟ ಮೇಲೆ ಮನೆಗೆ ಗಾಳಿ ಇನ್ನಷ್ಟು ಬೇಕು ಅಂತ ಒಬ್ಬರು, ಈಗಿರುವುದೇ ಜಾಸ್ತಿ ಅಂತ ಇನ್ನೊಬ್ಬರು. ಇಬ್ಬರೂ ಪ್ರಾಮಾಣಿಕರೇ. ಇಬ್ಬರ ಅನುಭವ ಬೇರೆ ಬೇರೆ ಮನೆಯದ್ದು, ಅಷ್ಟೇ. ಆಗ ಯಾರ ಮೇಲೆ ಗೌರವ ಜಾಸ್ತಿ ಅಂತ ಅಳೆಯುತ್ತಾ ಕೂರಬೇಡಿ. 200 ಮೊಟ್ಟೆಯ ಬೆಳೆ ಇದ್ದರೆ (ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಯನ್ನು ಇಲ್ಲಿ ‘ಒಂದು ಮೊಟ್ಟೆ’ ಅಂತ ಎಣಿಸುತ್ತಾರೆ) 100 ಮೊಟ್ಟೆಯ ಹುಳಕ್ಕೆ ಒಬ್ಬರ ಮಾತು, ಉಳಿದ 100ಕ್ಕೆ ಇನ್ನೊಬ್ಬರ ಮಾತು. ಚಾಕಿ ಹುಳ ಮನೆಗೆ ತಂದ ದಿನದಿಂದ ಮೂರು ವಾರದ ಆಸುಪಾಸಿನಲ್ಲಿ ಗೂಡು ಬಿಡಿಸುತ್ತೀರಿ. ಎರಡನ್ನೂ ಬೆರೆಸದೆ ಬೇರೆ ಬೇರೆ ಚೀಲಕ್ಕೆ ತುಂಬಿ, ಮಾರುಕಟ್ಟೆಯಲ್ಲಿ ಎರಡು ಲಾಟ್ ಮಾಡಿ ಹರಾಜಿಗೆ ಇಡಿ. ಯಾವ ಲಾಟು ಯಾರ ಸಲಹೆಯದು ಅಂತ ರೇಟು ಕೂಗುವ ರೀಲರ್‌ಗಳಿಗೆ ಗೊತ್ತಿರುವುದಿಲ್ಲ.